ಹಿತ್ತಿಲಿನ ಹೊರ ಅಡುಗೆಮನೆ: ಕರಾವಳಿಯ ಮಳೆಗೂ ಉಪ್ಪುಗಾಳಿಗೂ ತಕ್ಕಂತೆ ಕಟ್ಟಿದ ಬಗೆ

ಕರಾವಳಿಯವರಿಗೆ ಹೊರಗಿನ ಅಡುಗೆ ಹೊಸತಲ್ಲ. ಭತ್ತ ಬೇಯಿಸುವುದು, ಹಂಡೆಯಲ್ಲಿ ನೀರು ಕಾಯಿಸುವುದು, ಹಪ್ಪಳಕ್ಕೆ ಹಲಸಿನ ಸೊಳೆ ಬೇಯಿಸುವುದು, ಮೀನು ಶುಚಿ ಮಾಡುವುದು ಎಲ್ಲ ಹಿತ್ತಿಲಲ್ಲೇ ನಡೆಯುತ್ತಿದ್ದವು. ಈಗ ಅದನ್ನೇ ಗ್ಯಾಸು, ಸಿಂಕು, ಮಿಕ್ಸಿ, ದೀಪ ಸೇರಿಸಿ ಕಟ್ಟಲು ಹೊರಟಾಗ ಕಣ್ಣಿಗೆ ಬೀಳುವ ವಿನ್ಯಾಸಗಳೆಲ್ಲ ಒಣ ಹವೆಯ ಊರುಗಳವು. ಪ್ಲೈವುಡ್ ಕಪಾಟು, ಚಪ್ಪಟೆ ಮಾಡು (ಛಾವಣಿ), ನುಣುಪು ಟೈಲ್ಸ್, ಇವು ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವ ಉಡುಪಿ, ದಕ್ಷಿಣ ಕನ್ನಡದಲ್ಲಿ ಬಾಳಿಕೆ ಬರುವುದಿಲ್ಲ. ಇಲ್ಲಿ ಹೊರಗಿಟ್ಟದ್ದು ಒದ್ದೆಯಾಗಿಯೇ ಆಗುತ್ತದೆ. ಒದ್ದೆಯಾದದ್ದು ಬೇಗ ಒಣಗುವಂತೆ ಕಟ್ಟುವುದೇ ಇಲ್ಲಿನ ವಿನ್ಯಾಸ. ಉಡುಪಿ ಕಡೆಯ ನಮ್ಮ ಮನೆಯ ಹಿತ್ತಿಲಲ್ಲಿ 14 ಅಡಿ ಉದ್ದ, 10 ಅಡಿ ಅಗಲದ ಅಡುಗೆಮನೆಯನ್ನು ಈ ಲೆಕ್ಕದಲ್ಲೇ ಕಟ್ಟಿದ್ದು.

ಜಾಗ ಗೊತ್ತುಮಾಡುವ ಮೊದಲು ಗಾಳಿ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಹಾಗಾಗಿ ಮನೆಯ ಪೂರ್ವಕ್ಕೆ ಇಟ್ಟರೆ ಮನೆಯೇ ಅಡ್ಡಗೋಡೆಯಾಗಿ ನಿಲ್ಲುತ್ತದೆ. ಹೊಗೆಯೂ ಮನೆಯಿಂದ ದೂರ ಹೋಗುತ್ತದೆ. ಆದರೆ ಚಳಿಗಾಲದ ಬೆಳಗಿನ ಜಾವ ಗಾಳಿ ತಿರುಗಿ ಗುಡ್ಡದ ಕಡೆಯಿಂದ ಸಮುದ್ರದತ್ತ ಬರುತ್ತದೆ. ಹಂಡೆಗೆ ಬೆಂಕಿ ಹಾಕುವುದೂ ಆಗಲೇ. ಆದ್ದರಿಂದ ಸೌದೆ ಒಲೆಯನ್ನು ಮನೆಗೆ ಎದುರಾಗದ ಈಶಾನ್ಯ ಮೂಲೆಯಲ್ಲಿಟ್ಟು ಹೊಗೆಕೊಳವೆಯನ್ನು ಮಾಡಿನ ತಲೆಯಿಂದ ಮೇಲಕ್ಕೆ ಎತ್ತಿದ್ದೇನೆ. ವಾಸ್ತು ನೋಡುವವರು ಆಗ್ನೇಯ ಕೇಳುತ್ತಾರೆ. ಪೂರ್ವದ ಹಿತ್ತಿಲಿನಲ್ಲಿ ಗ್ಯಾಸ್ ಒಲೆಯನ್ನು ಆಗ್ನೇಯಕ್ಕೆ ಕೂರಿಸುವುದು ಕಷ್ಟವಲ್ಲ.

ಮನೆಗೂ ಇದಕ್ಕೂ ನಡುವೆ ಆರು ಅಡಿ ಬಿಡಿ. ಮನೆಯ ಗೋಡೆಗೆ ಅಂಟಿಸಿ ಮಾಡು ಇಳಿಸಿದರೆ ಖರ್ಚು ಕಡಿಮೆ ನಿಜ. ಆದರೆ ಗೋಡೆಗೂ ಮಾಡಿಗೂ ಸೇರುವ ಜಾಗದ ಸೋರಿಕೆ ನಿಲ್ಲುವುದಿಲ್ಲ, ಹೊಗೆಯ ಕರಿ ಗೋಡೆಗೆ ಹತ್ತುತ್ತದೆ, ಬೇಸಿಗೆಯ ಮಧ್ಯಾಹ್ನ ಕಡಲಗಾಳಿ ಒಳಗೆ ನುಗ್ಗಲು ದಾರಿಯೂ ಇರುವುದಿಲ್ಲ.

ಮಾಡಿನ ವಿಷಯಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡಬೇಕು. ನಾನು ಆರಿಸಿದ್ದು ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಈ ಮಳೆಯನ್ನು ತಡೆದುಕೊಂಡು ಬಂದಿರುವ ವಸ್ತು ಅದು. ಶೀಟಿನಂತೆ ಬಿಸಿಲಿಗೆ ಕಾದು ಕೆಳಗಿನವರನ್ನು ಬೇಯಿಸುವುದಿಲ್ಲ, ಮಳೆಯ ಸದ್ದೂ ಕಡಿಮೆ. ಇಳಿಜಾರು 30 ಡಿಗ್ರಿಗಿಂತ ಕಡಿಮೆಯಾದರೆ ಗಾಳಿಮಳೆಗೆ ನೀರು ಹಂಚಿನ ಸಂದಿಯಲ್ಲಿ ಹಿಂದಕ್ಕೆ ಏರುತ್ತದೆ. ಸುತ್ತಲೂ ಮೂರು ಅಡಿ ಸೂರು ಬಿಟ್ಟರೆ ಮೇಲಿನಿಂದ ನೋಡಿದಾಗ ಮಾಡು 20 ಅಡಿಗೆ 16 ಅಡಿ, ಅಂದರೆ ಸುಮಾರು 30 ಚದರ ಮೀಟರ್. ಇಳಿಜಾರಿನ ಲೆಕ್ಕ ಸೇರಿದರೆ 34 ಚದರ ಮೀಟರ್ ಮೀರುತ್ತದೆ. ಚದರ ಮೀಟರಿಗೆ 15 ಹಂಚು ಬೇಕು. ಒಡೆಯುವುದು, ಮುಂದಕ್ಕೆ ಬೇಕಾಗುವುದು ಸೇರಿಸಿ 550 ತರಿಸಿ. ಹಂಚಿನ ಅಳತೆ ಕಾರ್ಖಾನೆಯಿಂದ ಕಾರ್ಖಾನೆಗೆ ತುಸು ಬದಲಾಗುತ್ತದೆ, ಆದ್ದರಿಂದ ಮೊದಲು ಹಂಚು ಇಳಿಸಿ, ನಾಲ್ಕು ಸಾಲು ನೆಲದ ಮೇಲೆ ಜೋಡಿಸಿ ಅಳೆದು, ಆಮೇಲೆ ರೀಪಿನ, ಅಂದರೆ ಹಂಚು ಕೂರುವ ಅಡ್ಡಪಟ್ಟಿಯ, ಅಂತರ ಗುರುತು ಹಾಕಿ. ಸಾಮಾನ್ಯವಾಗಿ ಹನ್ನೆರಡೂವರೆ ಇಂಚಿನ ಆಸುಪಾಸು ಬರುತ್ತದೆ.

ಸೂರಿನ ಎತ್ತರಕ್ಕೂ ಲೆಕ್ಕವಿದೆ. ಜೋರು ಗಾಳಿಗೆ ಮಳೆ 45 ಡಿಗ್ರಿ ಓರೆಯಾಗಿ ಬೀಳುತ್ತದೆ ಎಂದಿಟ್ಟುಕೊಳ್ಳಿ. ಸೂರಿನ ಅಂಚು ನೆಲದಿಂದ ಆರೂವರೆ ಅಡಿ ಎತ್ತರದಲ್ಲಿದ್ದರೆ ಹನಿ ನೆಲ ಮುಟ್ಟುವಷ್ಟರಲ್ಲಿ ಆರೂವರೆ ಅಡಿ ಒಳಗೆ ಸಾಗಿರುತ್ತದೆ. ಅದರಲ್ಲಿ ಮೂರು ಅಡಿ ಸೂರಿನ ಕೆಳಗೇ ಕಳೆದು, ಉಳಿದ ಮೂರೂವರೆ ಅಡಿ ನೆಲ ಒದ್ದೆಯಾಗುತ್ತದೆ. ಆದರೆ ಎರಡೂ ಮುಕ್ಕಾಲು ಅಡಿ ಎತ್ತರದ ಅಡುಗೆಕಟ್ಟೆಯ ಮಟ್ಟದಲ್ಲಿ ಹನಿ ಒಳಬರುವುದು ಒಂಬತ್ತು ಇಂಚು ಮಾತ್ರ. ಸೂರನ್ನು ಎಂಟು ಅಡಿಗೆ ಎತ್ತಿ 'ಚೆನ್ನಾಗಿ ಕಾಣುತ್ತದೆ' ಎಂದರೆ ಅದೇ ಕಟ್ಟೆ ಎರಡು ಅಡಿಗೂ ಹೆಚ್ಚು ನೆನೆಯುತ್ತದೆ, ಅಂದರೆ ಪೂರ್ತಿ. ಕಂಬದ ತುದಿ ಎಂಟೂ ಕಾಲು ಅಡಿ, ಮಾಡಿನ ನಡುವಿನ ತಲೆ ಹನ್ನೊಂದು ಅಡಿ, ಸೂರಿನಂಚು ಆರೂವರೆ, ಇದು ನಮಗೆ ಸರಿಹೋದ ಅಳತೆ. ದಕ್ಷಿಣ, ಉತ್ತರದ ತ್ರಿಕೋನಗಳನ್ನು ಗೋಡೆ ಕಟ್ಟಿ ಮುಚ್ಚದೆ ಅಡಿಕೆ ದಬ್ಬೆಯನ್ನು ಓರೆಯಾಗಿ ಒಂದರ ಮೇಲೊಂದು ಬರುವಂತೆ ಬಡಿಸಿದರೆ ಮಳೆ ಹೊರಗೆ ಉಳಿದು ಬಿಸಿಗಾಳಿ ಹೊರಗೆ ಹೋಗುತ್ತದೆ. ನೈಋತ್ಯದ ಮೂಲೆಗೆ ಜೂನ್ ಬರುವ ಮುಂಚೆ ತೆಂಗಿನ ಮಡಲಿನ ತಟ್ಟಿ ಕಟ್ಟಿ, ನವರಾತ್ರಿ ಹೊತ್ತಿಗೆ ಬಿಚ್ಚುತ್ತೇವೆ. ವರ್ಷವಿಡೀ ಇರುವ ಗೋಡೆಗಿಂತ ಇದು ಒಳ್ಳೆಯದು. ಬೇಸಿಗೆಯಲ್ಲಿ ಗಾಳಿ ಬೇಕು.

ಗಂಟೆಗೆ 50 ಮಿ.ಮೀ. ಮಳೆ ಹೊಡೆದರೆ ಈ ಮಾಡಿನಿಂದ ಸುಮಾರು 1500 ಲೀಟರ್ ನೀರು ಇಳಿಯುತ್ತದೆ. ಸೂರಿನ ನೀರು ಹಿಡಿಯಲು ಆರು ಇಂಚಿನ ಪಿವಿಸಿ ದೋಣಿ, ಎರಡೂ ಕಡೆ ನಾಲ್ಕು ಇಂಚಿನ ಇಳಿಕೊಳವೆ ಬೇಕು. ಸೂರಿನ ಕಡೆಯ ಎರಡು ಸಾಲು ಹಂಚನ್ನು ಅಡಿಯಲ್ಲಿರುವ ತೂತಿಗೆ ಸ್ಟೀಲ್ ತಂತಿ ಪೋಣಿಸಿ ರೀಪಿಗೆ ಬಿಗಿಸಿ. ಗಾಳಿ ಮೊದಲು ಎತ್ತುವುದು ಅವನ್ನೇ.

ಪಕ್ಕಾಸು (ಮಾಡಿನ ಇಳಿಜಾರಿನ ತೊಲೆ), ರೀಪಿಗೆ ಜಿ.ಐ., ಅಂದರೆ ಸತು ಲೇಪಿಸಿದ ಕಬ್ಬಿಣದ, ಚೌಕ ಪೈಪು ಬಳಸಿದ್ದೇನೆ. ಪೈಪಿನ ಮೇಲಿನ ಸತು ವೆಲ್ಡಿಂಗ್ ಮಾಡಿದಲ್ಲೆಲ್ಲ ಸುಟ್ಟುಹೋಗುತ್ತದೆ, ಉಪ್ಪುಗಾಳಿ ತುಕ್ಕು ಶುರುಮಾಡುವುದು ಅಲ್ಲಿಂದಲೇ. ಪ್ರತಿ ಬೆಸುಗೆಯನ್ನೂ ಗ್ರೈಂಡರಿನಲ್ಲಿ ಉಜ್ಜಿ, ಸತು ಹೆಚ್ಚಿರುವ ಪ್ರೈಮರ್ ಎರಡು ಕೋಟ್ ಹೊಡೆಸಬೇಕು. ಹಂಚು ಹೊದೆಸಿದ ಮೇಲೆ ಕುಂಚ ಅಲ್ಲಿಗೆ ಹೋಗುವುದಿಲ್ಲ, ಆದ್ದರಿಂದ ಇದನ್ನು ನಿಂತು ಮಾಡಿಸಿ. ಪೈಪಿನ ತುದಿಗಳಿಗೆ ಮುಚ್ಚಳ ಬೆಸೆಯದಿದ್ದರೆ ಒಳಗಿನಿಂದ ಕೊಳೆಯುತ್ತದೆ, ಕಣಜದ ಹುಳ ಗೂಡು ಕಟ್ಟುವುದೂ ಉಂಟು. ಕಂಬಗಳು ಕೆಂಪುಕಲ್ಲಿನವು. ಕೆಂಪುಕಲ್ಲು ನೀರು ಕುಡಿಯುತ್ತದೆ, ಹಾಗಾಗಿ ಕಂಬದ ಬುಡಕ್ಕೆ ಕಾಂಕ್ರೀಟಿನ ಪಟ್ಟಿ, ನೆಲದಿಂದ ಒಂದೂವರೆ ಅಡಿವರೆಗೆ ಸಿಮೆಂಟ್ ಗಾರೆ, ಅದರ ಮೇಲೆ ಕಲ್ಲು ಹಾಗೇ.

ನೆಲ ಅಂಗಳಕ್ಕಿಂತ ಒಂದೂವರೆ ಅಡಿ ಎತ್ತರ ಇರಲಿ. ಅಂಗಳದ ಮಣ್ಣು ಮಳೆಹನಿಗೆ ಸಿಡಿದು ಮೇಲೆ ಹಾರುತ್ತದೆ. ನೆಲಕ್ಕೆ ಪಾಲಿಶ್ ಇಲ್ಲದ ಒರಟು ಗ್ರಾನೈಟ್ ಹಾಕಿ, ಹತ್ತು ಅಡಿಗೆ ಎರಡು ಇಂಚು ಇಳುಕಲು ಕೊಡಿಸಿ. ರೆಡ್ ಆಕ್ಸೈಡ್ ನೆಲ ಮನೆಯೊಳಗೆ ಎಷ್ಟು ಚಂದವೋ ಇಲ್ಲಿ ಅಷ್ಟೇ ಅಪಾಯ, ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ.

ಕಟ್ಟೆಗೆ ಕಪ್ಪು ಗ್ರಾನೈಟ್, ಅಗಲ 24 ಇಂಚು. ಕಡಪ ಕಲ್ಲು ಅಗ್ಗ, ಆದರೆ ಅದು ಸುಣ್ಣದಂಶದ ಕಲ್ಲು. ಹುಣಸೆ, ಲಿಂಬೆ, ವಿನಿಗರ್ ಬಿದ್ದಲ್ಲಿ ಬಿಳಿಚಿಕೊಳ್ಳುತ್ತದೆ. ಕಟ್ಟೆಯ ಕೆಳಗೆ ಸಾಮಾನು ಇಡುವ ತಟ್ಟುಗಳಿಗೆ ಅದನ್ನೇ ಹಾಕಬಹುದು. ತರಕಾರಿ ಹೆಚ್ಚುವ ಕಡೆ ಎತ್ತರ 33 ಇಂಚು, ಗ್ಯಾಸ್ ಒಲೆ ಇಡುವಲ್ಲಿ 29. ದೊಡ್ಡ ಪಾತ್ರೆಯಲ್ಲಿ ಸೌಟು ತಿರುಗಿಸುವವರ ಭುಜಕ್ಕೆ ಈ ನಾಲ್ಕು ಇಂಚು ಬಹಳ. ಕಲ್ಲಿನ ಮುಂದಿನ ಅಂಚಿನ ಅಡಿಯಲ್ಲಿ, ಅಂಚಿನಿಂದ ಅರ್ಧ ಇಂಚು ಒಳಗೆ, ಒಂದು ಗೀರು ಕೊರೆಸಿ. ಕಟ್ಟೆ ತೊಳೆದ ನೀರು ಕಲ್ಲಿನ ಅಡಿಯಿಂದ ಒಳಗೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ. ಕೆಳಗೆ ಕಪಾಟಿನ ಪೆಟ್ಟಿಗೆ ಬೇಡ. ಮರೈನ್ ಪ್ಲೈ ಎಂದರೂ ಕತ್ತರಿಸಿದ ಅಂಚಿನಿಂದ ನೀರು ಎಳೆದು ಉಬ್ಬುತ್ತದೆ. ತೆರೆದ ಕಲ್ಲಿನ ತಟ್ಟು, ಮುಂದೆ ಅಲ್ಯುಮಿನಿಯಂ ಪಟ್ಟಿಗಳ ಬಾಗಿಲು, ಹಿಂದೆ ಜಾಲಿ ಇಟ್ಟರೆ ಗಾಳಿ ಆಚೀಚೆ ಹಾಯುತ್ತದೆ. ಉಪ್ಪು, ಬೆಲ್ಲ, ಮಸಾಲೆ ಪುಡಿ ಇಲ್ಲಿ ಇಡುವುದೇ ಬೇಡ, ಬೇಕಾದಷ್ಟು ಒಳಗಿನಿಂದ ತನ್ನಿ.

ಸ್ಟೀಲ್ ಕೊಳ್ಳುವಾಗ ಅಯಸ್ಕಾಂತ ಹಿಡಿದು ನೋಡಿದರೆ ಸಾಲದು. ಅಗ್ಗದ 202 ದರ್ಜೆಗೂ ಅಯಸ್ಕಾಂತ ಹಿಡಿಯುವುದಿಲ್ಲ, ಆದರೆ ಕಡಲ ಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. 304 ಚುಕ್ಕೆ ಬಿಟ್ಟರೂ ಉಜ್ಜಿದರೆ ಹೋಗುತ್ತದೆ. ಸಿಂಕಿಗೆ ಅದು ಸಾಕು, ದಿನಾ ನೀರು ಬೀಳುವುದರಿಂದ ಉಪ್ಪು ತೊಳೆದುಹೋಗುತ್ತದೆ. ಯಾರೂ ಒರೆಸದ ಕಡೆಯ ಬಿಜಾಗರಿ, ತಿರುಪು, ಕೊಕ್ಕೆಗಳಿಗೆ ಮಾಲಿಬ್ಡಿನಂ ಇರುವ 316 ಅಥವಾ ಹಿತ್ತಾಳೆ ತನ್ನಿ.

ಸೌದೆ ಒಲೆಗೆ ಬೆಂಕಿ ತಾಗುವ ಒಳಮೈ ಪೂರ್ತಿ ಫೈರ್ ಬ್ರಿಕ್, ಸಂದಿಗೆ ಫೈರ್ ಕ್ಲೇ. ಸಿಮೆಂಟ್ ಗಾರೆ ಹೆಚ್ಚು ಕಾವಿಗೆ ಪುಡಿಯಾಗಿ ಉದುರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ತಕ್ಕ ತಂತ್ರಜ್ಞಾನಕ್ಕಾಗಿ ಆರಂಭವಾದ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯ ತತ್ವವೇ ಇಲ್ಲೂ ಕೆಲಸಕ್ಕೆ ಬಂತು. ಮುಚ್ಚಿದ ಬೆಂಕಿಗೂಡು, ಕೆಳಗೆ ಬೀಡುಕಬ್ಬಿಣದ ಜಾಲರಿ, ಅದರಡಿ ಬೂದಿಗುಂಡಿಯಿಂದ ಗಾಳಿ, ಮೊದಲ ಪಾತ್ರೆ ದಾಟಿದ ಬಿಸಿ ಎರಡನೆಯ ಪಾತ್ರೆಗೆ, ಅಲ್ಲಿಂದ ಕೊಳವೆಗೆ. ಒಲೆಗೂ ಪಕ್ಕದ ಗ್ರಾನೈಟಿಗೂ ಒಂದು ಇಂಚು ಸಂದಿ ಬಿಡಲೇಬೇಕು. ಒಂದು ಬದಿ ಮಾತ್ರ ಕಾದ ಗ್ರಾನೈಟ್ ಉದ್ದಕ್ಕೆ ಸೀಳುತ್ತದೆ. ಕಟ್ಟಿದ ಮೇಲೆ ಒಂದು ವಾರ ನೆರಳಲ್ಲಿ ಒಣಗಿಸಿ, ನಂತರ ಕೆಲವು ದಿನ ತೆಂಗಿನ ಗರಟದ ಸಣ್ಣ ಉರಿ ಮಾತ್ರ. ಹಸಿ ಒಲೆಗೆ ದೊಡ್ಡ ಬೆಂಕಿ ಹಾಕಿದರೆ ಒಳಗಿನ ನೀರು ಆವಿಯಾಗಿ ಇಟ್ಟಿಗೆ ಚಕ್ಕೆ ಏಳುತ್ತದೆ.

ಹೊಗೆಕೊಳವೆ ಐದು ಇಂಚಿನ 304 ಸ್ಟೀಲ್. ಮಾಡಿನ ತಲೆಗಿಂತ ಎರಡು ಅಡಿ ಮೇಲೆ, ತುದಿಗೆ ಟೋಪಿ, ಟೋಪಿಗೂ ಕೊಳವೆಗೂ ಐದು ಇಂಚು ಸಂದಿ. ಮಾಡು ತೂರುವಲ್ಲಿ ಅಲ್ಯುಮಿನಿಯಂ ತಗಡಿನ ಮೇಲಂಚು ಮೇಲಿನ ಹಂಚಿನ ಅಡಿಗೆ, ಕೆಳಅಂಚು ಕೆಳಗಿನ ಹಂಚಿನ ಮೇಲಕ್ಕೆ ಬರಬೇಕು. ಕೊಳವೆಯಿಂದ ಒಂದೂವರೆ ಅಡಿ ಒಳಗೆ ದಬ್ಬೆ, ಮರ ಏನೂ ಇರಕೂಡದು. ಆಟಿ ತಿಂಗಳಲ್ಲಿ (ಜುಲೈ, ಆಗಸ್ಟ್ ನಡುವಿನ ತುಳು ತಿಂಗಳು) ತಣ್ಣಗೆ, ತೇವವಾಗಿರುವ ಕೊಳವೆ ಹೊಗೆ ಎಳೆಯುವುದಿಲ್ಲ, ಒಲೆಯ ಬಾಯಿಂದಲೇ ಹೊಗೆ ವಾಪಸು ಬರುತ್ತದೆ. ಕೊಳವೆಯ ಬುಡದಲ್ಲಿ ಒಂದು ಸಣ್ಣ ಬಾಗಿಲಿಟ್ಟು, ಅಲ್ಲಿ ಒಂದು ಹಿಡಿ ಒಣ ತೆಂಗಿನ ಗರಿ ಉರಿಸಿ ಕೊಳವೆ ಬಿಸಿ ಮಾಡಿದರೆ ಎಳೆತ ಶುರುವಾಗುತ್ತದೆ. ಕರಿ ಕೆರೆದು ತೆಗೆಯಲೂ ಅದೇ ಬಾಗಿಲು.

ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲದಲ್ಲಿ ಹರಿದು ತಗ್ಗಿಗೆ ಸೇರುತ್ತದೆ. ತೆರೆದ ಅಡುಗೆಮನೆ ಎಂದು ಉದಾಸೀನ ಮಾಡಬೇಡಿ. ಸಿಲಿಂಡರ್ ಗೂಡನ್ನು ಸೌದೆ ಒಲೆಯ ವಿರುದ್ಧ ತುದಿಯಲ್ಲಿಟ್ಟು, ಹೊರಗೋಡೆಗೆ ನೆಲಮಟ್ಟದಲ್ಲೇ ಜಾಲಿ ಬಿಡಿಸಿ. ನೀರು ಹೋಗುವ ಚರಂಡಿಯ ಬಾಯಿ ಅದರ ಹತ್ತಿರ ಇರಬಾರದು. ಐಎಸ್‌ಐ ಗುರುತಿನ ಸುರಕ್ಷಾ ಪೈಪು ಒಂದೂವರೆ ಮೀಟರ್ ಮೀರದಿರಲಿ, ಐದು ವರ್ಷಕ್ಕೆ ಬದಲಿಸಿ, ಇಲಿ ಕಡಿದಿದೆಯೇ ಎಂದು ಆಗಾಗ ನೋಡಿ. ಒಲೆಯ ಮೂರು ಬದಿಗೆ ಹತ್ತು ಇಂಚಿನ ಸ್ಟೀಲ್ ತಡೆ ಬೇಕು. ಗಾಳಿಗೆ ಉರಿ ಆರಿ ಗ್ಯಾಸ್ ಬರುತ್ತಲೇ ಇರುವುದು ಹೊರ ಅಡುಗೆಮನೆಯ ನಿಜವಾದ ಅಪಾಯ. ಉರಿ ಆರಿದರೆ ತಾನೇ ಗ್ಯಾಸ್ ನಿಲ್ಲಿಸುವ ಒಲೆ ಸಿಕ್ಕರೆ ಅದನ್ನೇ ಕೊಳ್ಳಿ.

ಕರೆಂಟಿಗೆ ಇಲ್ಲಿಗಷ್ಟೇ ಪ್ರತ್ಯೇಕ ಲೈನು, ಅದಕ್ಕೆ ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಒದ್ದೆ ಕೈಯಲ್ಲಿ ಗ್ರೈಂಡರ್ ಮುಟ್ಟುವವರ ಜೀವ ಇದರ ಮೇಲೆ ನಿಂತಿದೆ. ಮುಚ್ಚಳವಿರುವ, ದೂಳು, ನೀರು ತಡೆಯುವ ಐಪಿ65 ದರ್ಜೆಯ ಸಾಕೆಟ್ ನೆಲದಿಂದ ನಾಲ್ಕು ಅಡಿ ಮೇಲಿರಲಿ, ವೈರಿನ ಪೈಪು ಪೆಟ್ಟಿಗೆಗೆ ಕೆಳಗಿನಿಂದಲೇ ಹೋಗಲಿ. ಮೇಲಿನಿಂದ ಹೋದರೆ ನೀರೂ ಅದರ ಜೊತೆಗೇ ಇಳಿಯುತ್ತದೆ. ಏಪ್ರಿಲ್, ಮೇ ಗುಡುಗಿಗೆ ಪ್ಲಗ್ಗು ಕಿತ್ತಿಡಿ.

ಮೀನು ಶುಚಿ ಮಾಡಲು ಬೇರೆಯೇ ಜಾಗ ಬೇಕು. ಸೂರಿನ ಕೆಳಗೆ, ಅಡುಗೆಕಟ್ಟೆಯಿಂದ ದೂರ, ಎರಡು ಅಡಿ ಎತ್ತರದ ಕಲ್ಲು, ಮೂರು ಕಡೆ ಒಂದು ಇಂಚಿನ ಅಂಚು, ನಾಲ್ಕನೆಯ ಕಡೆಗೆ ಇಳುಕಲು, ಕೈಗೆ ಎಟುಕುವ ನಲ್ಲಿ. ಈ ನೀರೂ ಸಿಂಕಿನ ನೀರೂ ಎರಡು ಇಂಚಿನ ಪೈಪಿನಲ್ಲಿ ಒಂದೂವರೆ ಅಡಿ ಚೌಕದ ಗುಂಡಿಗೆ ಬರುತ್ತವೆ. ಒಳಬರುವ ಪೈಪಿಗಿಂತ ಹೊರಹೋಗುವ ಪೈಪು ಎರಡು ಇಂಚು ಕೆಳಗೆ, ಅದರ ಬಾಯಿಗೆ ಕೆಳಮುಖದ ಬೆಂಡು. ಮೀನಿನ ಹುರುಪೆ, ಮರಳು ತಳಕ್ಕೆ ಕೂರುತ್ತವೆ, ಎಣ್ಣೆ ಮೇಲೆ ತೇಲುತ್ತದೆ, ನಡುವಿನ ನೀರು ಮಾತ್ರ ಬಾಳೆಬುಡಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬಳಿದು ತೆಗೆಯಿರಿ. ಮುಚ್ಚಳ ಬಿಗಿಯಾಗಿರಲಿ, ಇಲ್ಲದಿದ್ದರೆ ಸೊಳ್ಳೆ. ಮಳೆಗಾಲಕ್ಕೆ ಬಾಳೆಬುಡದ ಬದಲು ತೋಡಿನತ್ತ ತಿರುಗಿಸಲು ಗುಂಡಿಯಲ್ಲೇ ಎರಡನೆಯ ಪೈಪೊಂದನ್ನು ಮೊದಲೇ ಇಟ್ಟು, ಬೇಡದ್ದಕ್ಕೆ ಬೂಚು ಹಾಕಿಡಿ.