ಸೈಲೆನ್ಸರಿನ ಪಟಾಕಿ ನಿಂತದ್ದು ಹೀಗೆ

ಚಾರ್ಮಾಡಿ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಸಾಕು, ನನ್ನ ಹಳೆಯ ಕಾರ್ಬ್ಯುರೇಟರ್ ಬೈಕಿನ ಸೈಲೆನ್ಸರ್ ಪಟಪಟನೆ ಪಟಾಕಿ ಹೊಡೆಯುತ್ತಿತ್ತು. ತಿರುವಿನಲ್ಲಿ ಕುಳಿತ ಮಂಗಗಳೂ ಹೌಹಾರುತ್ತಿದ್ದವು.

ಪ್ಲಗ್ ಬದಲಿಸಿದೆ. ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸಿ ಪೆಟ್ರೋಲ್ ಹೆಚ್ಚು ಬರುವಂತೆ ಮಾಡಿದೆ. ಸದ್ದು ತುಸು ಇಳಿಯಿತು, ಮೈಲೇಜ್ ಅದಕ್ಕಿಂತ ಜೋರಾಗಿ ಇಳಿಯಿತು.

ಕೊನೆಗೊಂದು ಬೆಳಿಗ್ಗೆ, ಇಂಜಿನ್ ತಣ್ಣಗಿದ್ದಾಗ, ಸೈಲೆನ್ಸರಿಗೆ ಹೊಗೆ ಒಯ್ಯುವ ಬೆಂಡ್ ಪೈಪು ಇಂಜಿನ್ನಿಗೆ ಸೇರುವ ಜಾಗವನ್ನು ಬಗ್ಗಿ ನೋಡಿದೆ. ಬೆರಳಗಲ ಮಸಿ! ಸೋಪಿನ ನೀರು ಚಿಮುಕಿಸಿ ಸ್ಟಾರ್ಟ್ ಮಾಡಿದರೆ ಬುರಬುರನೆ ಗುಳ್ಳೆ ಎದ್ದಿತು. ಸಂದಿನಿಂದ ಹೊಗೆ ಸೋರದಂತೆ ತಡೆಯುವ ಒಳಗಿನ ಉಂಗುರ, ಅಂದರೆ ಗ್ಯಾಸ್ಕೆಟ್, ಚಪ್ಪಟೆಯಾಗಿ ಒಂದು ಬದಿ ಸುಟ್ಟುಹೋಗಿತ್ತು. ಆಕ್ಸಿಲರೇಟರ್ ಬಿಟ್ಟಾಗ ಸಿಲಿಂಡರಿನಲ್ಲಿ ಪೂರ್ತಿ ಉರಿಯದ ಪೆಟ್ರೋಲ್ ಆವಿ ಸೈಲೆನ್ಸರಿನತ್ತ ಬರುತ್ತದೆ. ಇಂಥ ಸಂದಿನಿಂದ ಹೊರಗಿನ ಗಾಳಿ ನುಗ್ಗಿದರೆ ಬಿಸಿ ಪೈಪಿನೊಳಗೇ ಹೊತ್ತಿಕೊಂಡು ಸಿಡಿಯುತ್ತದೆ.

ತುಕ್ಕು ಹಿಡಿದ ನಟ್ಟು ಬಿಚ್ಚುವುದಕ್ಕೇ ಅರ್ಧ ದಿನ ಹಿಡಿಯಿತು, ಹೊಸ ಗ್ಯಾಸ್ಕೆಟ್ ಕೂರಿಸಲು ಹತ್ತು ನಿಮಿಷ. ಎರಡೂ ನಟ್ಟುಗಳನ್ನು ಸರದಿಯಂತೆ ಸ್ವಲ್ಪಸ್ವಲ್ಪವೇ ಬಿಗಿದೆ. ಒಂದನ್ನೇ ಪೂರ್ತಿ ಬಿಗಿದರೆ ಪೈಪು ಓರೆಯಾಗಿ ಮತ್ತೆ ಸೋರುತ್ತದೆ. ಕಾರ್ಬ್ಯುರೇಟರಿನ ಸ್ಕ್ರೂವನ್ನು ಮೊದಲಿದ್ದ ಜಾಗಕ್ಕೇ ತಂದೆ.

ಮೊನ್ನೆ ಘಾಟಿ ಇಳಿದೆ. ಮಂಗಗಳು ತಲೆ ಎತ್ತಿಯೂ ನೋಡಲಿಲ್ಲ.