ಏಳು ಮಾತ್ರೆಯ ರಿಫ್

“ಕನ್ನಡದಲ್ಲಿ ಹಾರ್ಡ್ ರಾಕ್ ಕೂರಲ್ಲ ಗುರು, ಇಂಗ್ಲಿಷಲ್ಲೇ ಬರಿ.” ನಮ್ಮ ಡ್ರಮ್ಮರ್ ಹೀಗಂದು ಹನ್ನೆರಡು ವರ್ಷವಾಯಿತು. ರಘು ದೀಕ್ಷಿತ್ ಶಿಶುನಾಳ ಷರೀಫರ ಪದ ಹಾಡಿ ಗೆದ್ದರಲ್ಲ ಅಂದರೆ, ಅದು ಜಾನಪದ, ಬೇರೆ ಲೆಕ್ಕ ಅನ್ನುತ್ತಿದ್ದ. ಅವನ ಮಾತು ಪೂರ್ತಿ ಸುಳ್ಳೂ ಅಲ್ಲ. ನಮ್ಮ ಮೊದಲ ಆಲ್ಬಮ್ಮೇ ಸಾಕ್ಷಿ.

ಆಗ ನಾನು ಮೊದಲು ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು, ಕಟ್ಟುತ್ತಿದ್ದೆ. ಅದರ ಮೇಲೆ ತಲೆಬುಡವಿಲ್ಲದ ಇಂಗ್ಲಿಷ್ ಗುನುಗಿ ಟ್ಯೂನ್ ಹಿಡಿಯುತ್ತಿದ್ದೆ. ಕೊನೆಗೆ ಆ ಜಾಗಕ್ಕೆ ಕನ್ನಡ ತುರುಕುತ್ತಿದ್ದೆ. ಇಂಗ್ಲಿಷ್ ಪದ ಟಕ್ ಅಂತ ನಿಲ್ಲುತ್ತದೆ. ನಮ್ಮದು ಸ್ವರದಲ್ಲಿ ಮುಗಿಯುತ್ತದೆ, ಬಾಲ ಉಳಿಯುತ್ತದೆ. ಅಂಗೈ ಅಂಚು ತಂತಿಗೆ ಒತ್ತಿ ದನಿ ತುಂಡರಿಸುವ ಪಾಮ್ ಮ್ಯೂಟ್ ಮೇಲೆ ಆ ಬಾಲ ಜೋತಾಡುತ್ತಿತ್ತು. ‘ಮನೆ’ ಹೋಗಿ ‘ಮಾನೇ’ ಆಗುತ್ತಿತ್ತು. ಸ್ಟುಡಿಯೋ, ಮಿಕ್ಸಿಂಗ್, 500 ಸಿಡಿ ಎಲ್ಲ ಸೇರಿ ಸುಮಾರು 2.8 ಲಕ್ಷ ಹೋಯಿತು. ಅರ್ಧ ನನ್ನ ಪಿಎಫ್ ದುಡ್ಡು. ಮಿಕ್ಸ್ ಮಾಡಿದ ಪುಣ್ಯಾತ್ಮನಿಗೆ ಕನ್ನಡ ಬರುತ್ತಿರಲಿಲ್ಲ. ಮಾತು ಮುಳುಗಿಸಿ ಗಿಟಾರ್ ಎತ್ತಿಬಿಟ್ಟ. ಈಗ ಕೇಳಿದರೆ ಒಳ್ಳೆಯದೇ ಮಾಡಿದ ಅನಿಸುತ್ತದೆ.

ದಾರಿ ಸಿಕ್ಕಿದ್ದು ಅಕ್ಕನ ಮನೆಯಲ್ಲಿ. ದಪ್ಪ ತಂತಿಯ ಶ್ರುತಿ ಇಳಿಸಿ (ಡ್ರಾಪ್ ಡಿ) ಏಳರ ಎಣಿಕೆಯ, ಅಂದರೆ 7/8ರ, ರಿಫ್ ಒಂದನ್ನು ಉಜ್ಜುತ್ತಾ ಕೂತಿದ್ದೆ. ಪಕ್ಕದಲ್ಲಿ ಎಸ್ಸೆಸ್ಸೆಲ್ಸಿ ಓದುವ ಅವಳ ಮಗಳು ಪದ್ಯಕ್ಕೆ ಲಘು-ಗುರು ಗುರುತಿಸಿ ಪ್ರಸ್ತಾರ ಹಾಕುತ್ತಾ “ಮೂರು ನಾಲ್ಕು, ಮೂರು ನಾಲ್ಕು” ಅಂತ ಎಣಿಸುತ್ತಿದ್ದಳು. ಭಾಮಿನಿ ಷಟ್ಪದಿ! ನನ್ನ ಕೈ ನಿಂತುಹೋಯಿತು. ಆರುನೂರು ವರ್ಷದ ಹಿಂದೆ ಕುಮಾರವ್ಯಾಸ ಭಾರತದ ಹತ್ತು ಪರ್ವಗಳನ್ನು ಈ ಏಳರ ನಡೆಯಲ್ಲೇ ಓಡಿಸಿದ್ದಾನೆ. ನಾನು ಪರೀಕ್ಷೆ ಬರೆದು ಮರೆತಿದ್ದೆ.

ಅವತ್ತಿನಿಂದ ಮೊದಲು ಸಾಲು, ಆಮೇಲೆ ರಿಫ್. “ಬಸ್ಸು ಹೋಯಿತು, ಜೇಬು ಖಾಲಿಯೊ.” ಎಣಿಸಿ ನೋಡಿ, 3-4-3-4. ಒಂದು ಮಾತ್ರೆಗೆ 7/8ರ ಒಂದು ಎಣಿಕೆ. ಒಂದು ಮಾತ್ರೆಯ ಲಘು ಬಂದಲ್ಲಿ ಮ್ಯೂಟ್, ಎರಡು ಮಾತ್ರೆಯ ಗುರು ಬಂದಲ್ಲಿ ತಂತಿ ಬಿಡು. ಒತ್ತಕ್ಷರವಂತೂ ಬಂಗಾರ. ‘ಸ್ಸು’ ಮೇಲೆ ಸ್ನೇರ್ ಡ್ರಮ್ಮಿನ ಏಟು ಬಿದ್ದರೆ ಬಾಲದ ಕಾಟವೇ ಇಲ್ಲ. ಷಟ್ಪದಿಯ ಮೂರನೇ ಸಾಲು ಉದ್ದ, ಕೊನೆಯಲ್ಲಿ ಒಂದು ಗುರು ಉಳಿಯುತ್ತದೆ ಅಲ್ವಾ? ಅದನ್ನು ಹಿಡಿದು 4/4 ಕೋರಸ್‌ಗೆ ಹೇಗೆ ಹಾರುತ್ತೇನೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಅದು ನಮ್ಮ ಅನ್ನ.

ಎಲ್ಲವೂ ಗೆಲ್ಲಲಿಲ್ಲ. ಲಲಿತ ರಗಳೆಯ ಐದರ ನಡೆಯನ್ನು 5/4ಕ್ಕೆ ಕೂರಿಸಿದೆ. ಕೇಳಲು ಚೆಂದ, ಆದರೆ ಜನ ಎತ್ತಿದ ಕಾಲನ್ನು ಎಲ್ಲಿಡಬೇಕೋ ತಿಳಿಯದೆ ನಿಂತರು. ಎರಡೇ ಶೋಗೆ ಬಿಟ್ಟೆ. ಇನ್ನೊಂದು ಹುಚ್ಚು, ತೆಂಗಿನ ಕರಟ ಉಜ್ಜಿ ತಂತಿ ಮೀಟುವ ಪಿಕ್ ಮಾಡಿದ್ದು. ಅಕೂಸ್ಟಿಕ್ ಮೇಲೆ ಅದರ ದನಿ ಭಾರಿ ಚೂಪು. ಆದರೆ ಮೂರು ಹಾಡಿಗೆ ಒಂದು ಮುರಿಯುತ್ತದೆ. ಈಗಲೂ ಜೇಬಿನಲ್ಲಿ ನಾಲ್ಕೈದು ಇರುತ್ತವೆ.

ದುಡ್ಡಿನ ವಿಷಯ. ಕನ್ನಡ ಬ್ಯಾಂಡಿಗೆ ನವೆಂಬರ್ ಅಂದರೆ ಸುಗ್ಗಿ, ನಿಮಗೂ ಗೊತ್ತು. ಮೊದಲು ಒಂದು ರಾಜ್ಯೋತ್ಸವ ಶೋಗೆ ಹನ್ನೆರಡು ಸಾವಿರ, ಐದು ಪಾಲು. ಈಗ ಎಪ್ಪತ್ತರ ಆಸುಪಾಸು. ವ್ಯಾನು, ಸೌಂಡ್ ಹುಡುಗ ಕಳೆದು ನನ್ನ ಕೈಗೆ ಎಂಟು ಒಂಬತ್ತು ಸಾವಿರ ಬರುತ್ತದೆ. ಒಂದು ಅಪಾರ್ಟ್‌ಮೆಂಟಿನವರು ಕೊಟ್ಟ ಚೆಕ್ ಎರಡು ಸಲ ವಾಪಸ್ ಬಂತು. ಆಮೇಲಿಂದ ಅರ್ಧ ಮುಂಗಡ ಬರದೆ ಆಂಪ್ ಹೊರಡುವುದಿಲ್ಲ. ಹಾಡು ಬರೆದವರಿಗೆ ರಾಯಲ್ಟಿ ವಸೂಲಿ ಮಾಡಿಕೊಡುವ ಐಪಿಆರ್‌ಎಸ್‌ಗೆ ಸೇರಿ ಹಾಡು ನೋಂದಾಯಿಸುವುದನ್ನೂ ಸುಮ್ನೆ ಆರು ವರ್ಷ ಮುಂದೂಡಿದ್ದೆ. ಮೊದಲ ಕಂತು ನಾಲ್ಕು ಸಾವಿರ ಚಿಲ್ಲರೆ. ಗಿಟಾರಿನ ಒಂದು ಸೆಟ್ ಪಿಕಪ್‌ಗೂ ಸಾಲದು, ಆದರೂ ಅಕ್ಕನ ಮಗಳಿಗೆ ಹೋಳಿಗೆ ಊಟ ಹಾಕಿಸಿದೆ.

ಡ್ರಮ್ಮರ್ ಈಗ ರಿಹರ್ಸಲ್ ನಿಲ್ಲಿಸಿ “ಇಲ್ಲೊಂದು ಲಘು ಜಾಸ್ತಿ” ಅಂತ ನನ್ನ ಸಾಲು ತಿದ್ದುತ್ತಾನೆ. ಮುಂದಿನ ನವೆಂಬರ್‌ಗೆ ಆಗಲೇ ಒಂಬತ್ತು ಶೋ ಗೊತ್ತಾಗಿವೆ. ಹಳೆಯ ಆಲ್ಬಮ್ಮಿನ ಮುನ್ನೂರು ಸಿಡಿ ಇನ್ನೂ ಮಂಚದ ಕೆಳಗಿವೆ. ಸಿಡಿ ಪ್ಲೇಯರ್ ಇಟ್ಟುಕೊಂಡವರು ಯಾರಾದರೂ ಉಳಿದಿದ್ದರೆ ಹೇಳಿ, ಬಿಟ್ಟಿ ಕೊಡುತ್ತೇನೆ.