ಮೊದಲು ಮೀಟರ್, ಆಮೇಲೆ ವೈರ್

ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ತೋರಿಸುವ ತೂಕ ನೇರವಾಗಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಬರಬೇಕು. ತಕ್ಕಡಿಯ ಹಿಂದೆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ (ಮಾಹಿತಿಯನ್ನು ಒಂದೊಂದೇ ಬಿಟ್ ಆಗಿ ಸಾಗಿಸುವ ಕಿಂಡಿ) ಇದೆ, ಪೈನಲ್ಲೂ ಸೀರಿಯಲ್ ಪಿನ್‌ಗಳಿವೆ. ಹೆಸರು ಒಂದೇ ತಾನೇ ಎಂದು ವೈರ್ ಎಳೆದರೆ ಬೋರ್ಡ್ ಕಳೆದುಕೊಂಡಂತೆಯೇ. ಆರ್ಡುಯಿನೊ ಎಂಬ ಇನ್ನೊಂದು ಬೋರ್ಡಿನ 5 ವೋಲ್ಟ್ ಕೊಟ್ಟು ನಾನೇ ಒಮ್ಮೆ ಪೈ ಪಿನ್ ಸುಟ್ಟುಕೊಂಡಿದ್ದೇನೆ. ತಕ್ಕಡಿಯದು ಅದಕ್ಕಿಂತ ಜೋರು.

ಪೈ 4ರ ಪಿನ್‌ಗಳಿಗೆ 3.3 ವೋಲ್ಟೇ ಮಿತಿ. ಆರ್ಡುಯಿನೊ ಉನೊದ್ದು 5. ತಕ್ಕಡಿ ಬಳಸುವುದು 1960ರಲ್ಲಿ ಅಮೆರಿಕದಲ್ಲಿ ಬಂದ ಆರ್‌ಎಸ್-232 ಪದ್ಧತಿ. ಅಲ್ಲಿ ‘1’ ಎಂದರೆ ಮೈನಸ್ 3ರಿಂದ ಮೈನಸ್ 15 ವೋಲ್ಟ್, ‘0’ ಎಂದರೆ ಪ್ಲಸ್ 3ರಿಂದ 15. ಅಂದರೆ ವೋಲ್ಟೇಜ್ ಹೆಚ್ಚಿರುವುದಷ್ಟೇ ಅಲ್ಲ, ಲೆಕ್ಕವೂ ತಲೆಕೆಳಗು.

ಆದ್ದರಿಂದ ಮೊದಲ ಹೆಜ್ಜೆ ಮಲ್ಟಿಮೀಟರ್. ಡಿಸಿ 20 ವೋಲ್ಟ್‌ಗೆ ತಿರುಗಿಸಿ, ಕಪ್ಪು ಪ್ರೋಬನ್ನು ಪೋರ್ಟಿನ 5ನೇ ಪಿನ್ನಿಗೆ (ಅದು ಗ್ರೌಂಡ್, ವೋಲ್ಟ್ ಲೆಕ್ಕದ ಸೊನ್ನೆ) ಹಿಡಿದು, ಕೆಂಪನ್ನು 2 ಮತ್ತು 3ಕ್ಕೆ ಒಂದೊಂದಾಗಿ ಮುಟ್ಟಿಸಿ. ತಕ್ಕಡಿ ಸುಮ್ಮನಿರುವಾಗ ಯಾವುದು ಮೈನಸ್ 5ರಿಂದ 10ರ ಆಸುಪಾಸು ತೋರಿಸುತ್ತದೋ ಅದೇ ಟಿಎಕ್ಸ್, ಅಂದರೆ ಮಾಹಿತಿ ಕಳಿಸುವ ಪಿನ್. ಇನ್ನೊಂದು ಸೊನ್ನೆಯ ಬಳಿ ನಿಲ್ಲುತ್ತದೆ. ಅಂಕಿ ಓಲಾಡುತ್ತಿದ್ದರೆ ತಕ್ಕಡಿ ಬಿಡದೆ ಮಾತಾಡುತ್ತಿದೆ ಎಂದರ್ಥ. ಆ ಪಿನ್ನೇ ಟಿಎಕ್ಸ್.

ಮೈನಸ್ ಕಂಡಿತೇ? ಆ ವೋಲ್ಟೇಜನ್ನು ಪೈಗೆ ತಕ್ಕಂತೆ ಬದಲಿಸುವ ಮ್ಯಾಕ್ಸ್3232 ಚಿಪ್ಪಿನ ಮಾಡ್ಯೂಲ್ ತನ್ನಿ. ಅಂಗಡಿಯವರು ‘ಎರಡೂ ಒಂದೇ ಸಾರ್’ ಎಂದು ಮ್ಯಾಕ್ಸ್232 ಕೊಟ್ಟರೆ ಬೇಡ ಅನ್ನಿ, ಅದಕ್ಕೆ 5 ವೋಲ್ಟ್ ಬೇಕು. 3232ಕ್ಕೆ ಪೈನ 1ನೇ ಪಿನ್ನಿನಿಂದ 3.3 ವೋಲ್ಟನ್ನೇ ಕೊಡಿ. 5 ಕೊಟ್ಟರೂ ಅದು ಓಡುತ್ತದೆ, ಆದರೆ ಪೈ ಕಡೆಗೆ 5 ವೋಲ್ಟನ್ನೇ ಹೊರಹಾಕುತ್ತದೆ. ಮಾಡ್ಯೂಲ್ ಮೇಲೆ ಅಚ್ಚಾದ ಆರ್‌ಎಕ್ಸ್ (ಮಾಹಿತಿ ಪಡೆಯುವ ಪಿನ್), ಟಿಎಕ್ಸ್ ಅಕ್ಷರಗಳನ್ನು ನಾನು ನಂಬುವುದಿಲ್ಲ; ಒಬ್ಬೊಬ್ಬ ತಯಾರಕರದು ಒಂದೊಂದು ಅರ್ಥ. ಚಿಪ್ಪಿನ ಕಾಲುಗಳನ್ನೇ ನೋಡಿ: ತಕ್ಕಡಿಯ ಟಿಎಕ್ಸ್ 13ನೇ ಕಾಲಿಗೆ ಹೋಗಬೇಕು, 12ರಿಂದ ಹೊರಬಂದದ್ದು ಪೈನ 10ನೇ ಪಿನ್ನಿಗೆ (ಅದೇ ಪೈನ ಆರ್‌ಎಕ್ಸ್). ಮೂರೂ ಕಡೆಯ ಗ್ರೌಂಡ್ ಸೇರಿರಬೇಕು. ಪೈನಲ್ಲಿ ಅದಕ್ಕೆ 6ನೇ ಪಿನ್. ತಕ್ಕಡಿ ತಾನಾಗಿ ತೂಕ ಕಳಿಸುವಂಥದ್ದಾದರೆ ಪೈನ ಟಿಎಕ್ಸ್ ಜೋಡಿಸುವ ಗೊಡವೆಯೇ ಬೇಡ.

ಮೀಟರ್ ಪ್ಲಸ್ 5 ತೋರಿಸಿದರೆ, ಉದಾಹರಣೆಗೆ ಉನೊ, ಕೆಲಸ ಎರಡು ರೂಪಾಯಿಯದು. ಟಿಎಕ್ಸ್‌ನಿಂದ 1 ಕಿಲೊ ಓಮ್ ರೆಸಿಸ್ಟರ್ ಮೂಲಕ ಪೈನ ಆರ್‌ಎಕ್ಸ್‌ಗೆ, ಅಲ್ಲಿಂದ 2 ಕಿಲೊ ಓಮ್ ಗ್ರೌಂಡಿಗೆ. ಐದರಲ್ಲಿ ಮೂರನೇ ಎರಡು ಪಾಲು, 3.33 ವೋಲ್ಟ್ ಉಳಿಯುತ್ತದೆ. ರೆಸಿಸ್ಟರ್‌ಗಳು ಅದಲುಬದಲಾದರೆ 1.67, ಪೈಗೆ ಅಪಾಯವಿಲ್ಲ, ಅಕ್ಷರಗಳು ಬರುವ ಭರವಸೆಯೂ ಇಲ್ಲ. ಪೈನಿಂದ ಉನೊಗೆ ಹೋಗುವ ವೈರಿಗೆ ಏನೂ ಬೇಡ, ಉನೊಗೆ ‘1’ ಎನ್ನಲು 3 ವೋಲ್ಟ್ ಸಾಕು. ಮೀಟರ್ 3.3 ತೋರಿಸಿದರೆ ನೇರವಾಗಿ ಜೋಡಿಸಿ.

ಪೈನ ಸೆಟ್ಟಿಂಗ್ ಬದಲಿಸುವ ಪ್ರೋಗ್ರಾಮ್ ರಾಸ್ಪಿ-ಕಾನ್ಫಿಗ್‌ನಲ್ಲಿ ಸೀರಿಯಲ್ ಲಾಗಿನ್‌ಗೆ ‘ನೋ’, ಸೀರಿಯಲ್ ಹಾರ್ಡ್‌ವೇರ್‌ಗೆ ‘ಯೆಸ್’ ಕೊಟ್ಟು ರೀಬೂಟ್ ಮಾಡಿ. ತಕ್ಕಡಿ ಸಿಕ್ಕಿಸುವ ಮುಂಚೆ ಪೈನ 8 ಮತ್ತು 10ನೇ ಪಿನ್‌ಗಳನ್ನು ಒಂದು ಜಂಪರ್‌ನಿಂದ ಸೇರಿಸಿ, ಟರ್ಮಿನಲ್ ಪ್ರೋಗ್ರಾಮಿನಲ್ಲಿ ಟೈಪ್ ಮಾಡಿ ನೋಡಿ. ಒತ್ತಿದ ಅಕ್ಷರ ವಾಪಸ್ ಬಂದರೆ ಪೈ ಸರಿಯಿದೆ. ಜಂಪರ್ ಕಿತ್ತು ತಕ್ಕಡಿ ಜೋಡಿಸಿ. ಚಿತ್ರವಿಚಿತ್ರ ಅಕ್ಷರ ಬಂದರೆ ಬಾಡ್ ರೇಟ್ (ಮಾಹಿತಿ ಕಳಿಸುವ ವೇಗ) ತಪ್ಪು: ಕೈಪಿಡಿ ನೋಡಿ, ಕೈಪಿಡಿ ಕಳೆದಿದ್ದರೆ 9600ರಿಂದ ಶುರುಮಾಡಿ. ಏನೂ ಬಾರದಿದ್ದರೆ ಮೊದಲು ಗ್ರೌಂಡ್ ವೈರ್ ಅಲ್ಲಾಡಿಸಿ.